ಕಿವಿಗೆ ಕೂತವಳು

ಹತ್ತಿ, ಎಡಗಿವಿಯಲ್ಲಿ ಔಷಧಿಯ ಹಳದಿ ಅಂಚು ಹಿಡಿದ ಒಂದು ಉಂಡೆ ಹತ್ತಿ, ಮುಂದಿನ ಸೀಟಿನ ಮುದುಕಿಯ ಕಿವಿ, ಓಲೆ ಜೋತು ಜೋತು ಉದ್ದವಾದ ತೂತು, ಬಸ್ಸು ಕುಲುಕಿದಾಗಲೆಲ್ಲ ಹತ್ತಿಯೂ ಕುಲುಕುತ್ತದೆ, ಬೀಳುವುದಿಲ್ಲ, ಹಾಸನದ ಸ್ಟ್ಯಾಂಡಿನಿಂದ ಹೊರಳಿ ಗೊರೂರು ರಸ್ತೆಗೆ ಬಿದ್ದಾಗಲೂ ಬೀಳಲಿಲ್ಲ, ನಾನು ಅದನ್ನೇ ನೋಡುತ್ತ ಕಂಡಕ್ಟರಿಗೆ ಆಧಾರ್ ತೋರಿಸಿದೆ, ಬಸ್ ತುಂಬ ಹೆಂಗಸ್ರೇ, ಎಲ್ರೂ ಫ್ರೀ, ದುಡೀತಿರೋನು ನಾನೊಬ್ನೇ ಕಣ್ರವ್ವ ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿ ಸೊನ್ನೆ ಟಿಕೆಟ್ ಹರಿದ, ಎಲ್ಲಿಗೆ, ಮಡುವಿನಕೊಪ್ಪಲು ಗೇಟ್ ಎಂದೆ, ಆ ಹೆಸರಿಗೆ ಮುದುಕಿ ತಿರುಗಲಿಲ್ಲ, ಪಕ್ಕದಲ್ಲಿದ್ದ ಮಗ ತಿರುಗಿದ, ಆಗ ಗೊತ್ತಾಯಿತು. ದೇವರಾಜ್, ಊರಿನ ಡೈರಿಯಲ್ಲಿ ಹಾಲು ಅಳೆಯುವವನು, ಹೆಣ ಸಿಕ್ಕ ದಿನ ಹೊಳೆದಂಡೆಯಲ್ಲಿ ಟಾರ್ಪಾಲಿನ ಪಕ್ಕ ಅಂಗಿಯಿಲ್ಲದೆ ಒದ್ದೆ ಮೈಯಲ್ಲಿ ನಿಂತಿದ್ದವನು. ಹಾಗಾದರೆ ಈ ಕಿವಿ ಕೃಷ್ಣಮ್ಮನದು. ಎಂಥ ಕೆಲಸ, ಬಸ್ಸಿನಲ್ಲಿ ಇಷ್ಟೊಂದು ಸೀಟುಗಳಿದ್ದೂ ನಾನು ಬಂದು ಕೂತದ್ದು ಈ ಕಿವಿಯ ಹಿಂದೆ, ಇಳಿದು ಮುಂದಿನ ಬಸ್ಸಿಗೆ ಹೋಗಬಹುದು, ಹೋಗಲಾಗದು, ಮಧ್ಯಾಹ್ನದೊಳಗೆ ಕಟ್ಟೆ ತಲುಪಬೇಕು, ವೇಲನ್ನು ಮೂಗಿನ ತನಕ ಎಳೆದುಕೊಂಡೆ, ಧೂಳಿಗೆ ಎಂಬಂತೆ, ಕಿಟಕಿ ಮುಚ್ಚಿದೆ ಎಂಬುದು ಆಮೇಲೆ ಹೊಳೆಯಿತು.

ನೋಡಮ್ಮ ಧನ್ಯಾ, ಬೆಳಿಗ್ಗೆ ಸೈರನ್ ಗುತ್ತಿಗೆಯ ಚಂದ್ರಮೌಳಿ ಸರ್ ಫೋನು, ನನಗೆ ಸಂಬಳ ಕೊಡುವವರು, ತನಿಖೆಯವರು ಮಧ್ಯಾಹ್ನ ಕಟ್ಟೆಗೆ ಬರ್ತಾರಂತೆ, ಮೋಡೆಮ್ ತೆಗೆಸಿ ನೋಡ್ತಾರಂತೆ, ಅಷ್ಟರೊಳಗೆ ಹೋಗಿ ಹೇಗಿರಬೇಕೋ ಹಾಗೆ ಇಟ್ಟುಬಿಡು, ಜಾಸ್ತಿ ಮಾತು ಬೇಡ. ಈಗ ಹೇಗಿದೆ ಎಂದು ಅವರು ಕೇಳಲಿಲ್ಲ, ಕೇಳದಿರುವುದರಲ್ಲಿ ಆ ಮನುಷ್ಯನಿಗೆ ಬಹಳ ಅನುಭವ, ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಪಾಲು ಬರುತ್ತದೆ, ಇಡ್ತೀನಿ ಸರ್ ಎಂದೆ, ಎಷ್ಟು ಸಲೀಸಾಗಿ ಎಂದೆ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ, ನೀರು, ಬಳಪದಷ್ಟು ಉದ್ದದ ಸ್ಕ್ರೂಡ್ರೈವರ್, ಅದರ ತುದಿಯಿಂದ ಅಕ್ಕಿಕಾಳಿನಷ್ಟಿರುವ ಬಿಳಿ ಸ್ವಿಚ್ಚನ್ನು ಒಂದು ಸಲ ಆಚೆ ತಳ್ಳಿದರೆ ಮುಗಿಯಿತು, ಪಕ್ಕದ್ದನ್ನೂ ತಳ್ಳಿದರೆ ಪೂರ್ತಿ ಮುಗಿಯಿತು, ಆಮೇಲೆ ಯಾವ ತನಿಖೆಯವನೂ ಏನೂ ಕಂಡುಹಿಡಿಯಲಾರ, ಸ್ವಿಚ್ಚಿಗೆ ನೆನಪಿರುವುದಿಲ್ಲ, ನಿನ್ನೆ ಆಚೆಗಿತ್ತೋ ಈಚೆಗಿತ್ತೋ ಅದು ಹೇಳುವುದಿಲ್ಲ. ಹತ್ತಿ ಕುಲುಕುತ್ತಿದೆ. ಕಿವಿಗೆ ಏನಾಯಿತು ಇವಳಿಗೆ, ನನಗೇಕೆ, ಗೊತ್ತಿಲ್ಲದ ಹಾಗೆ ಕೇಳಿಕೊಳ್ಳುತ್ತಿದ್ದೇನೆ, ಕಿವಿಗೆ ಆಗಿರುವುದೇನೆಂದು ನನ್ನಷ್ಟು ಗೊತ್ತಿರುವವರು ಈ ಜಿಲ್ಲೆಯಲ್ಲಿ ಇಲ್ಲ.

ಕಟ್ಟೆ ಎಂದರೆ ಗೊರೂರಿನ ದೊಡ್ಡ ಅಣೆಕಟ್ಟೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದರ ಕೆಳಗೆ, ಹೊಳೆನರಸೀಪುರದ ಕಡೆಗೆ ಹೊಳೆ ಇಳಿಯುವಲ್ಲಿ ಒಂದು ಕಂಪನಿ ಕಟ್ಟಿಕೊಂಡಿರುವ ಚಿಕ್ಕದು, ನೀರು ನಿಲ್ಲಿಸುತ್ತಾರೆ, ಬಿಡುತ್ತಾರೆ, ಕರೆಂಟು ಮಾಡಿ ಮಾರುತ್ತಾರೆ. ಬಿಡುವ ಮೊದಲು ಆಪರೇಟರು ರೂಮಿನಲ್ಲಿ ಗುಂಡಿ ಒತ್ತಬೇಕು, ಆ ಮಾತು ಮೋಡೆಮ್ ಎಂಬ ಡಬ್ಬಿಯಿಂದ ರೇಡಿಯೋದಲ್ಲಿ ಕೆಳಗಡೆ ಮಡುವಿನಕೊಪ್ಪಲಿನ ದಂಡೆಯ ಕಂಬಕ್ಕೆ ಕಟ್ಟಿದ ಪೆಟ್ಟಿಗೆಗೆ ಹೋಗಬೇಕು, ಪೆಟ್ಟಿಗೆ ಸೈರನ್ ಕೂಗಿಸಬೇಕು, ಕೂಗಿಸಿದೆ ಎಂದು ವಾಪಸ್ ಹೇಳಬೇಕು, ಆ ಉತ್ತರ ಬಂದರೆ ಮಾತ್ರ ರೂಮಿನ ಮೋಡೆಮ್ಮಿನ ಮೇಲೆ ಹೆಸರುಕಾಳಿನಷ್ಟು ಹಸಿರು ದೀಪ ಹತ್ತಬೇಕು, ದೀಪ ಹತ್ತಿದ ಮೇಲೆ ಗೇಟು ಎತ್ತಬೇಕು. ಆ ಮಾತ್ರ ಎಂಬ ಪದವನ್ನು ತೆಗೆದವಳು ನಾನು. ಮೊದಲು ತೆಗೆದದ್ದು ಅದಲ್ಲ, ಮೊದಲು ತೆಗೆದದ್ದು ಕಾಯುವ ಹೊತ್ತು. ದಂಡೆಯ ಪೆಟ್ಟಿಗೆ ಸೋಲಾರ್ ಬ್ಯಾಟರಿಯಲ್ಲಿ ಬದುಕುವ ಜೀವ, ಬ್ಯಾಟರಿ ಉಳಿಸಲು ಯಾವಾಗಲೂ ತೂಕಡಿಸುತ್ತಿರುತ್ತದೆ, ಆಗಾಗ ಕಣ್ಣು ಬಿಟ್ಟು ಯಾರಾದರೂ ಕರೆದರಾ ಎಂದು ನೋಡಿ ಮತ್ತೆ ತೂಕಡಿಸುತ್ತದೆ, ಅದಕ್ಕೇ ಇಲ್ಲಿನ ಮೋಡೆಮ್ ಮೊದಲು ಕರೆಯಬೇಕು, ಅದು ಏಳುವ ತನಕ ಕಾಯಬೇಕು, ಆಮೇಲೆ ವಿಷಯ ಹೇಳಬೇಕು, ಮಲಗಿದವರ ಬಾಗಿಲು ಬಡಿದು ಕಾದ ಹಾಗೆ. ಎಷ್ಟು ಕಾಯಬೇಕು ಎಂಬುದಕ್ಕೆ ಒಂದು ಸ್ವಿಚ್, ಸಾಲಿನಲ್ಲಿ ಎರಡನೆಯದು, ನಾನೇ ಉದ್ದಕ್ಕೆ ಇಟ್ಟಿದ್ದೆ, ಸರಿಯಾಗಿಯೇ ಇಟ್ಟಿದ್ದೆ, ಅದನ್ನಾದರೂ ಬರೆದುಕೊಳ್ಳಲಿ. ಉದ್ಘಾಟನೆಯ ದಿನ ಕಂಪನಿಯ ಮ್ಯಾನೇಜರು ಗುಂಡಿ ಒತ್ತಿ, ಹೊಳೆ ಕಡೆ ಕಿವಿಯಿಟ್ಟು, ವಾಚು ನೋಡಿ, ಇಷ್ಟೊತ್ತಾ, ನಮ್ಮನೆ ಕಾಲಿಂಗ್ ಬೆಲ್ ಇದಕ್ಕಿಂತ ಫಾಸ್ಟು ಕಣ್ರೀ ಎಂದ, ಎಲ್ಲರೂ ನಕ್ಕರು, ಚಂದ್ರಮೌಳಿ ಸರ್ ನನ್ನ ಕಡೆ ನೋಡಿ ಹುಬ್ಬಿನಲ್ಲೇ ಹೇಳಿದರು, ಕಡಿಮೆ ಮಾಡು. ಮಾಡಿದೆ. ಎಷ್ಟು ಕಡಿಮೆಯಾಗುತ್ತದೋ ಅಷ್ಟು. ಬೆರಳು ಗುಂಡಿಯ ಮೇಲಿರುವಾಗಲೇ ಕೆಳಗೆ ಸೈರನ್ ಕೂಗಿತು, ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು, ಚಪ್ಪಾಳೆ, ಕಾಫಿ, ನನ್ನ ಲೋಟಕ್ಕೆ ಮ್ಯಾನೇಜರೇ ಬಿಸ್ಕತ್ತು ಹಾಕಿದ. ಮಟಮಟ ಮಧ್ಯಾಹ್ನ, ಬಿಸಿಲಿಗೆ ಬ್ಯಾಟರಿ ತುಂಬಿ ಪೆಟ್ಟಿಗೆ ಎದ್ದೇ ಕೂತಿತ್ತು, ಹಾಗಾಗಿ ಕೇಳಿಸಿತು. ಬೆಳಗಿನ ಜಾವದ ಚಳಿಯಲ್ಲಿ ಇಳಿದುಹೋದ ಬ್ಯಾಟರಿಯಲ್ಲಿ ಅದು ನಿಧಾನ ಏಳುತ್ತದೆ, ಏಳುವಷ್ಟರಲ್ಲಿ ಇಲ್ಲಿನ ಮೋಡೆಮ್ ಹೇಳಿ ಮುಗಿಸಿರುತ್ತದೆ, ಇದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ, ಹೊಳೆನರಸೀಪುರದಲ್ಲಿ ಡಿಪ್ಲೊಮಾ ಓದುವಾಗಲೇ ಇದರ ಮೇಲೆ ಪ್ರಶ್ನೆಗೆ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು.

ಬಸ್ಸು ನಿಂತಿತು, ಯಾರೋ ಕೋಳಿ ಹಿಡಿದುಕೊಂಡು ಹತ್ತಿದರು, ಅದಕ್ಕೂ ಆಧಾರ್ ಐತಾ ಎಂದು ಕಂಡಕ್ಟರ್ ಕೇಳಿದ, ದೇವರಾಜ್ ನಗಲಿಲ್ಲ, ಕೃಷ್ಣಮ್ಮನಿಗೆ ಕೇಳಿಸಿತೋ ಇಲ್ಲವೋ. ದೀಪ ಬತ್ತಿಲ್ಲ ಮೇಡಂ, ಇದು ಉದ್ಘಾಟನೆ ಆದ ಮೇಲಿನ ಬೆಳಗುಗಳಲ್ಲಿ ನಂಜುಂಡೇಶ್, ಕಟ್ಟೆಯ ಆಪರೇಟರು, ಅರಕಲಗೂಡಿನವನು, ಸದಾ ಬಾಯಲ್ಲಿ ಏನಾದರೂ ಜಗಿಯುತ್ತ ಫೋನು ಮಾಡುವವನು, ನಿಮ್ ದೀಪಕ್ಕೆ ಮದ್ವೆ ಗೊತ್ತಾಗೈತಾ ಎಂಗೆ, ಮುಖ ತೋರ್ಸಕೆ ನಾಚ್ಕತೈತಲ್ಲ, ಎರಡು ಸತಿ ಒತ್ತಿದ್ರೆ ಒಂದ್ ಸತಿ ಬತ್ತದೆ, ಗೇಟ್ ಲೇಟಾಯ್ತು ಅಂತ ಮ್ಯಾನೇಜರು ನನ್ ಜೀವ ತಿಂತಾವ್ನೆ. ಆಗೆಲ್ಲ ದೀಪ ನಿಜ ಹೇಳುತ್ತಿತ್ತು. ಬರದಿದ್ದಾಗ ಅವನು ಮತ್ತೆ ಒತ್ತುತ್ತಿದ್ದ, ಬೈದುಕೊಂಡು ಒತ್ತುತ್ತಿದ್ದ, ಎರಡನೆಯ ಸಲಕ್ಕೆ ಪೆಟ್ಟಿಗೆ ಎದ್ದಿರುತ್ತಿತ್ತು, ಸೈರನ್ ಕೂಗುತ್ತಿತ್ತು, ಹೆಂಗಸರು ಮೇಲೆ ಬರುತ್ತಿದ್ದರು, ಅವನ ಬೈಗುಳದ ಮೇಲೆ ಎಲ್ಲರೂ ಬದುಕಿದ್ದರು. ನಾನು ಹಾಸನದ ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಕೂತು ಸರ್ಕಾರಿ ಜೆ.ಇ. ಪರೀಕ್ಷೆಗೆ ಓದುತ್ತಿದ್ದೆ, ಫೋನು ಮೇಜಿನ ಮೇಲೆ ಗುರ್ರೆನ್ನುತ್ತಿತ್ತು, ಪಕ್ಕದ ಪ್ರೇಕ್ಷಾ, ಯಾರೇ ಅದು ದಿನಾ ಬೆಳಗಾದ್ರೆ, ದೀಪದವನಾ ಎಂದು ಕಣ್ಣು ಹೊಡೆಯುತ್ತಿದ್ದಳು, ಭಾನುವಾರ ಪರೀಕ್ಷೆ, ಶುಕ್ರವಾರ ಮತ್ತೆ ಫೋನು, ನೀವು ಬತ್ತೀರೋ ನಾನೇ ಸುತ್ತಿಗೆ ತಕ್ಕಂಡು ರಿಪೇರಿ ಮಾಡ್ಲೋ, ಹೋದೆ. ಸಿಟ್ಟಿನಲ್ಲೇ ಹೋದೆ. ಅವನು ಊಟಕ್ಕೆ ಹೋಗಿದ್ದ. ಮೋಡೆಮ್ಮಿನ ಮುಚ್ಚಳ ತೆಗೆದೆ, ಎರಡನೆಯ ಸ್ವಿಚ್ಚನ್ನು ಉದ್ದಕ್ಕೆ ತಳ್ಳಿದರೆ ಮುಗಿದಿತ್ತು, ಆದರೆ ಆಮೇಲೆ ಬೆಳಗಿನ ಚಳಿಯಲ್ಲಿ ಕೂತು ಪರೀಕ್ಷೆ ಮಾಡಬೇಕು, ಮ್ಯಾನೇಜರು ಮತ್ತೆ ಕಾಲಿಂಗ್ ಬೆಲ್ ಎನ್ನುತ್ತಾನೆ, ಸರ್ ಮತ್ತೆ ಹುಬ್ಬು ಎತ್ತುತ್ತಾರೆ, ನನ್ನ ಬಸ್ಸು ತಪ್ಪುತ್ತದೆ, ಕೈ ಮೂರನೆಯದಕ್ಕೆ ಹೋಯಿತು. ಮೂರನೆಯದು ಉತ್ತರದ ಸಂಕೇತ, ಎರಡೇ ಆಯ್ಕೆ, ಬಂದಾಗ, ಯಾವಾಗಲೂ. ಯಾವಾಗಲೂ ಎಂದು ಇಟ್ಟರೆ ಆಚೆ ಕಡೆಯಿಂದ ಏನೂ ಬರದಿದ್ದರೂ ಬಂತೆಂದೇ ಮೋಡೆಮ್ ತಿಳಿಯುತ್ತದೆ, ಗುಂಡಿ ಒತ್ತಿದ ಕೂಡಲೇ ಹಸಿರು, ಬೆಂಚಿನ ಮೇಲೆ ಒಂದೇ ಡಬ್ಬಿ ಇಟ್ಟುಕೊಂಡು ಪರೀಕ್ಷಿಸುವಾಗ ಅಷ್ಟು ಹೊತ್ತಿಗೆ ಬಳಸಿ ವಾಪಸ್ ಇಡಬೇಕಾದ್ದು. ಭಾನುವಾರ ಆದ ಮೇಲೆ ಬಂದು ಸರಿಮಾಡುತ್ತೇನೆ ಅಂದುಕೊಂಡೆ. ಅಂದುಕೊಂಡೆನೇ, ಅಥವಾ ಈಗ ಬಸ್ಸಿನಲ್ಲಿ ಸೇರಿಸುತ್ತಿದ್ದೇನೆಯೇ. ಸೋಮವಾರದಿಂದ ಫೋನು ನಿಂತಿತು. ಏನ್ ಮಾಡಿದ್ರಿ ಮೇಡಂ, ಮಂತ್ರ ಹಾಕಿದ್ರಾ, ಒತ್ತಿದ್ರೆ ಪಟ್ ಅಂತ ಬತ್ತದೆ ಎಂದು ನಂಜುಂಡೇಶ್ ಹೊಗಳಿದ, ಒಳ್ಳೆ ಕೆಲಸ ಮಾಡಿದೆ ಕಣಮ್ಮ ಎಂದು ಸರ್ ಹೊಗಳಿದರು, ಪರೀಕ್ಷೆಯೂ ಚೆನ್ನಾಗಿಯೇ ಆಯಿತು, ಬರುವ ತಿಂಗಳು ದಾಖಲೆ ಪರಿಶೀಲನೆಗೆ ಕರೆದಿದ್ದಾರೆ, ದಂಡಿಗನಹಳ್ಳಿಯಲ್ಲಿ ಅಪ್ಪ ಚನ್ನರಾಯಪಟ್ಟಣದಿಂದ ಸ್ವೀಟು ತರಿಸಿ ಬೀದಿಗೆಲ್ಲ ಹಂಚಿಯಾಯಿತು, ನನ್ನ ಮೇಲೆ ಒಂದು ಕೇಸು ಬಿದ್ದರೆ ಆ ಕೆಲಸ ಅಲ್ಲಿಗೇ, ಇದನ್ನೂ ಯೋಚಿಸುತ್ತಿದ್ದೇನೆ, ಯೋಚಿಸುತ್ತಿಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಏನು ಲಾಭ.

ಹತ್ತಿಯ ಕೆಳಗೆ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದೆ ಅವಳಿಗೆ. ಇವತ್ ಕಿವಿಗೆ ಯಾರು, ಹೊಳೆಗೆ ಇಳಿಯುವ ಮೊದಲು ಅವರು ಕೇಳಿಕೊಳ್ಳುವ ಮೊದಲ ಮಾತು ಅದು, ಶುಂಠಿ ತೊಳೆಯುವ ಕೂಲಿ ಹೆಂಗಸರು, ಹೊಲದಿಂದ ಕಿತ್ತ ಶುಂಠಿಯ ಮಣ್ಣು ಹೋಗಬೇಕು, ನಡುಹೊಳೆಯ ಬಂಡೆಗಳ ನಡುವೆ ಹರಿಯುವ ನೀರಿಗೇ ಹೋಗಬೇಕು, ದಡದ ನೀರು ಕಲಕಿ ಕೆಸರಾಗುತ್ತದೆ, ಕುಕ್ಕೆಗೆ ತುಂಬಿ ಕಾಲಲ್ಲಿ ತುಳಿದು ಉಜ್ಜುವಾಗ ಗರಗರ ಸದ್ದು, ಬಂಡೆಗೆ ನೀರು ಹೊಡೆಯುವ ಸದ್ದು, ಮಾತು, ಸೈರನ್ ಕೇಳುವುದಿಲ್ಲ, ಅದಕ್ಕೆ ಒಬ್ಬಳು ನೀರಿಗಿಳಿಯದೆ ದಂಡೆಯಲ್ಲಿ ಕೂರುತ್ತಾಳೆ, ಬೇರು ಬಿಡಿಸುತ್ತ, ಬಾಯಿ ಮುಚ್ಚಿಕೊಂಡು, ಸೈರನ್ ಕೇಳಿದ ಕೂಡಲೇ ಕೂಗಿ ಎಲ್ಲರನ್ನೂ ಮೇಲಕ್ಕೆ ಕರೆಯುವುದು ಅವಳ ಕೆಲಸ, ಕೂಲಿ ಎಲ್ಲರಿಗೂ ಸಮ, ಅದಕ್ಕೆ ಕಿವಿಗೆ ಕೂರುವುದು ಅನ್ನುತ್ತಾರೆ, ಮಂಡಿ ನೋವು ಶುರುವಾದ ಮೇಲೆ ಕೃಷ್ಣಮ್ಮನೇ ಕಾಯಂ. ಮುಂಚೆ ಒಂದು ಬಂಡೆಯ ಗುರುತು ನೋಡುತ್ತಿದ್ದರಂತೆ, ನೀರು ಅದನ್ನು ಮುಟ್ಟಿದರೆ ಮೇಲೆ ಬರುವುದು, ಸೈರನ್ ಬಂದ ಮೇಲೆ ಗುರುತು ನೋಡುವವರಿಲ್ಲ. ಪರೀಕ್ಷೆ ಮುಗಿದು ಸುಮಾರು ದಿನದ ಮೇಲೆ ಸೋಲಾರ್ ಹಲಗೆ ಒರೆಸಲು ದಂಡೆಗೆ ಹೋದೆ, ಕಟ್ಟೆಗೆ ಹೋಗಲಿಲ್ಲ, ಕಟ್ಟೆ ನೆನಪಿತ್ತು, ಹೋಗಲಿಲ್ಲ, ಆಗ ಇದೇ ಕೃಷ್ಣಮ್ಮ ಕೈಯ ಮಣ್ಣು ಒರೆಸಿಕೊಂಡು ಎದ್ದು ಬಂದಳು, ಮೇಡಮ್ಮೋರೆ, ನಿಮ್ ಕೂಗೋದು ಒಂದೊಂದ್ ಬೆಳಿಗ್ಗೆ ಕೂಗಾಕಿಲ್ಲ ಕಣ್ರವ್ವ, ನೀರೇ ಮೊದ್ಲು ಬತ್ತದೆ, ಮೊನ್ನೆ ಕುಕ್ಕೆ ಬುಟ್ಟು ಓಡ್ಬಂದ್ರು. ಆ ಒಂದು ಮಾತಿನಲ್ಲಿ ನನಗೆ ಎಲ್ಲವೂ ಗೊತ್ತಾಯಿತು, ಇಡೀ ಸರ್ಕ್ಯೂಟು ಕಣ್ಣ ಮುಂದೆ ಬಂತು, ಅವಳು ಹೇಳಿದ್ದಕ್ಕಿಂತ ಸ್ಪಷ್ಟವಾದ ದೂರನ್ನು ಯಾವ ಎಂಜಿನಿಯರೂ ಬರೆದುಕೊಟ್ಟಿಲ್ಲ, ಬಾಯಿ ತೆರೆದು ನಾನು ಹೇಳಿದ್ದೇನು, ಕಟ್ಟೆಯಲ್ಲಿ ದೀಪ ಬಂದಿರುತ್ತೆ ಅಜ್ಜಿ, ದೀಪ ಬಂದಿದೆ ಅಂದ್ರೆ ಸೈರನ್ ಕೂಗಿದೆ ಅಂತಲೇ, ನಿಮಗೆ ಕೇಳಿಸಿಲ್ಲ ಅಷ್ಟೆ. ಅಷ್ಟೆ. ನೀರಿನಲ್ಲಿದ್ದವರು ನಕ್ಕರು, ಎಲ್ಲರಿಗಿಂತ ದೂರದ ಬಂಡೆಯ ಮೇಲೆ ಸೀರೆ ಎತ್ತಿಕಟ್ಟಿ ನಿಂತಿದ್ದವಳು ಜೋರಾಗಿ, ಇನ್ಮೇಲ್ ನಿಮ್ ಕಿವಿಗೂ ಒಂದ್ ಸೋಲಾರ್ ಹಾಕ್ಸನ ಬುಡಿ ದೊಡ್ಡಮ್ಮ ಎಂದಳು, ಅವಳೇ ಲತಾ, ಲಕ್ಕಣ್ಣನ ಹೆಂಡತಿ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬೇಕು, ಹಲ್ಲು ಚೆನ್ನಾಗಿತ್ತು. ಕೃಷ್ಣಮ್ಮನೂ ನಕ್ಕಳು. ಇರಬೈದು ಕಣವ್ವ, ವಯಸ್ಸಾಯ್ತಲ್ಲ ಎಂದು ಬಲಗೈಯನ್ನು ಬೊಗಸೆ ಮಾಡಿ ಕಿವಿಯ ಹಿಂದೆ ಇಟ್ಟುಕೊಂಡು ಕಂಬದ ಕಡೆ ತಿರುಗಿ ಕೂತಳು, ಹಾಗೆ ಕೂತರೆ ಇನ್ನೊಂದಿಷ್ಟು ಕೇಳಿಸೀತೆಂದು. ಅವತ್ತಿನಿಂದ ದಿನವೂ ಹಾಗೇ ಕೂರುತ್ತಿದ್ದಳಂತೆ, ಒಂದು ಕೈಯಲ್ಲಿ ಬೇರು ಬಿಡಿಸುತ್ತ, ಇನ್ನೊಂದು ಕೈ ಕಿವಿಯ ಹಿಂದೆ.

ಆಮೇಲೆ ಆ ಬೆಳಿಗ್ಗೆ, ಮಂಜು. ನಂಜುಂಡೇಶ್ ಗುಂಡಿ ಒತ್ತಿದ, ಹಸಿರು ಬಂತು, ಗೇಟು ಎತ್ತಿದ, ಅವನು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ದಂಡೆಯ ಪೆಟ್ಟಿಗೆ ಏಳಲಿಲ್ಲ. ಮಂಜಿನೊಳಗೆ ಕೃಷ್ಣಮ್ಮ ಕೈ ಕಿವಿಗಿಟ್ಟು ಕೂತೇ ಇದ್ದಳು, ಕಾಲ ಬಳಿಗೆ ನೀರು ಬಂದಾಗ ಕೂಗಿದಳು, ಹತ್ತಿರದ ಬಂಡೆಯವರು ಬಂದರು, ದೂರದ ಬಂಡೆಯವಳು, ಲತಾ, ಬರಲಿಲ್ಲ. ಸಿಕ್ಕಿದ್ದು ಮರುದಿನ, ಕೆಳಗಿನ ಮರಳುದಿಬ್ಬದಲ್ಲಿ, ಕುಕ್ಕೆಯ ಹಗ್ಗ ಕೈಗೆ ಸುತ್ತಿಕೊಂಡಿತ್ತು. ಅದು ಆದದ್ದು, ಅದರ ಮೇಲೆ ಅಲಂಕಾರ ಬೇಡ. ಪೊಲೀಸರು ಮಧ್ಯಾಹ್ನ ಬಂದರು, ಒತ್ತಿ ನೋಡಿ ಎಂದರು, ಒತ್ತಿದರೆ ಬಿಸಿಲಿನಲ್ಲಿ ಸೈರನ್ ಊರು ಹಾರುವ ಹಾಗೆ ಕೂಗಿತು, ಕಂಪ್ಯೂಟರಿನಲ್ಲೂ ಉತ್ತರ ಬಂದಿದೆ ಎಂದೇ ಇತ್ತು, ಹೊಳೆ ದಾರಿಯ ಅಂಗಡಿ ಅನಿಲ್‌ಕುಮಾರ್ ಅವತ್ತು ಬೆಳಿಗ್ಗೆಯೂ ಕೇಳ್ತು ಸಾ, ಹಾಲು ಕಾಯ್ಸ್ತಿದ್ದೆ, ನಾನೇ ಕೇಳ್ದೆ ಎಂದು ಆಣೆ ಮಾಡಿದ, ಅವನು ಸುಳ್ಳು ಹೇಳುತ್ತಿರಲಿಲ್ಲ, ದಿನಾ ಕೇಳುವುದನ್ನು ಅವತ್ತೂ ಕೇಳಿದ್ದೇನೆ ಎಂದು ನಂಬಿದ್ದ. ಹಾಗಾದರೆ ಉಳಿದದ್ದು ಒಂದೇ ಕಿವಿ. ಕಿವುಡಿ ಅಂದರು, ಮಲಗಿದ್ದಳು ಅಂದರು, ಲಕ್ಕಣ್ಣ ಬಾಗಿಲಿಗೆ ಬಂದು ಬೈಯಲೂ ಇಲ್ಲವಂತೆ, ನಿನ್ ಕಿವಿ ನಂಬ್ಕಂಡು ನೀರಿಗಿಳುದ್ಲು ಕಣಮ್ಮ ಅವ್ಳು ಎಂದಷ್ಟೇ ಹೇಳಿ ಹೋದನಂತೆ. ಈಗ ದಿನಾ ಮಧ್ಯಾಹ್ನದ ಪರೀಕ್ಷೆಗೆ ಸೈರನ್ ಕೂಗಿದಾಗ ಬೀದಿಯಲ್ಲಿ ಯಾರಾದರೊಬ್ಬರು ಅಜ್ಜಿ, ಕೂಗ್ತು, ಕೇಳ್ತಾ ಎನ್ನುತ್ತಾರಂತೆ. ತೂಕಡಿಸಿದ್ದು ಪೆಟ್ಟಿಗೆ. ತೂಕಡಿಸುವ ಪೆಟ್ಟಿಗೆಯನ್ನು ಎಬ್ಬಿಸದೆ ಮಾತಾಡಿಸಿದವಳು, ಮಾತು ಮುಟ್ಟಿತೆಂದು ದೀಪದಿಂದ ಸುಳ್ಳು ಹೇಳಿಸಿದವಳು, ಆಮೇಲೆ ಎದ್ದು ಕೂತವಳಿಗೆ ನಿನಗೆ ಕೇಳಿಸಿಲ್ಲ ಎಂದವಳು ಇಲ್ಲಿ ಹಿಂದಿನ ಸೀಟಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾಳೆ.

ಗೊರೂರು, ಟೀಗೆ ಹತ್ತು ನಿಮಿಷ, ಡ್ರೈವರು ಇಳಿದ, ದೇವರಾಜ್ ಇಳಿದ, ಹತ್ತಿ ತಿರುಗಿತು, ಹತ್ತಿಯ ಹಿಂದಿನಿಂದ ಮುಖ ಬಂತು, ಸಣ್ಣಗಾಗಿದೆ, ನೀವು ಸೈರನ್ ಮೇಡಮ್ಮೋರಲ್ವಾ, ಅಲ್ಲ ಎಂಬುದು ನಾಲಗೆಯ ತುದಿಗೆ ಬಂದಿತ್ತು, ಹೂಂ ಅಜ್ಜಿ ಎಂದೆ. ಅಂಗನ್ಕಂಡೆ, ಟಿಕೆಟ್ ತಕಂಡಾಗ್ಲೇ ದನಿ ಗುರ್ತಾಯ್ತು. ದನಿ ಗುರ್ತಾಯ್ತು ಎಂದಳು, ಬಸ್ಸಿನ ಗದ್ದಲದಲ್ಲಿ, ಹತ್ತಿಯ ಆಚೆಗಿನ ದನಿ. ಹಾಸನದಲ್ಲಿ ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದಾಳೆ, ಒಂದು ಕಿವಿಯಲ್ಲಿ ಗುಗ್ಗೆ ಇತ್ತಂತೆ, ತೆಗೆದು ಔಷಧಿ ಹಾಕಿದರಂತೆ, ಮಿಷನ್ನಿನಲ್ಲಿ ಕೂರಿಸಿ ಕೀ ಕೀ ಅನ್ನಿಸಿದರಂತೆ, ಎಲ್ಲವೂ ಕೇಳಿತಂತೆ, ನಿನ್ನ ವಯಸ್ಸಿಗೆ ಬಹಳ ಚೆನ್ನಾಗಿದೆ ಎಂದು ಡಾಕ್ಟರು ಬೆನ್ನು ತಟ್ಟಿದರಂತೆ, ಇದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಚೂರೂ ಸಂತೋಷವಿಲ್ಲ, ಅಷ್ಟರಲ್ಲಿ ದೇವರಾಜ್ ಟೀ ತಂದು ಕಿಟಕಿಯಲ್ಲಿ ಕೊಟ್ಟು ಅಲ್ಲೇ ನಿಂತ, ಕಿವುಡು ಅಂತ ಒಂದ್ ಚೀಟಿ ಬರ್ಕೊಟ್ಟಿದ್ರೆ ಅವ್ರ್ ಗಂಟೇನ್ ಓಗ್ತಿತ್ತು ಎಂದ, ನನಗೆ ಹೇಳಿದನೋ ರಸ್ತೆಗೆ ಹೇಳಿದನೋ, ಮಧ್ಯಾಹ್ನ ಕಟ್ಟೆತಾಕ್ ಬಾ ಅಂದವ್ರೆ ತನಿಖೆಯೋರು, ಕಿವುಡಿ ಅಂದ್ರೆ ಪಾಪ ಅಂದ್ಬುಡ್ತಿದ್ರು, ಈಗ ಏನಂತ ಯೋಳದು. ಕಿವಿ ಚೆನ್ನಾಗಿದ್ದರೆ ಮಲಗಿದ್ದಳು ಎಂದೇ ಅರ್ಥ, ನಾನು ಮುಚ್ಚಿಟ್ಟದ್ದರಿಂದ ಆ ಮನೆಯಲ್ಲಿ ಒಬ್ಬ ಮಗ ತಾಯಿ ಕಿವುಡಿಯಾಗಲಿ ಎಂದು ಬಯಸುತ್ತಿದ್ದಾನೆ. ಅವನು ಅತ್ತ ಹೋದ ಮೇಲೆ ಅವಳು ಹತ್ತಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ನೀವೊಂದ್ಸತಿ ನೋಡಿ ಮಗ, ಓದ್ದೋರು, ಡಾಕ್ಟ್ರು ದುಡ್ಡಿಗೆ ಯೋಳ್ತಾರೆ, ಮೆತ್ತಗೆ ಏನಾರ ಅನ್ನಿ, ಬಾಯಿ ಕಾಣಬಾರ್ದು, ಎಂದು ಮುಖ ಆಚೆ ತಿರುಗಿಸಿ ಬೊಗಸೆ ಮಾಡಿದ ಕೈಯನ್ನು ಕಿವಿಯ ಹಿಂದಿಟ್ಟಳು. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ, ಎಲ್ಲರೂ ಟೀಗೆ ಇಳಿದಿದ್ದರು, ಕೋಳಿ ಇತ್ತು. ಈಗ ಹೇಳಬಹುದಿತ್ತು, ಉಸಿರಿನಷ್ಟು ಮೆಲ್ಲಗೆ, ಅವತ್ತು ಕೂಗಿರಲಿಲ್ಲ ಎಂದು, ಎರಡೇ ಪದ, ಬಾಯಲ್ಲಿ ಬಂದು ನಿಂತಿತು, ಅವಳ ಅಂಗೈಯ ಗೆರೆಗಳಲ್ಲಿ ಶುಂಠಿ ಮಣ್ಣು ಇನ್ನೂ ಇದೆ, ಇಷ್ಟು ದಿನ ಹೊಳೆ ಕಡೆಗೇ ಹೋಗದಿದ್ದರೂ ಆ ಮಣ್ಣು ಬಿಟ್ಟಿಲ್ಲ, ಟೀ ಆರುತ್ತೆ ಎಂದೆ. ಟೀ ಆರುತ್ತೆ ಅಂದ್ರಿ ಎಂದಳು ಆಚೆ ಮುಖದಲ್ಲೇ. ಕೈ ಇಳಿಯಿತು. ನನ್ನ ಕಡೆ ತಿರುಗಿ, ಸೆರಗಿನ ಗಂಟು ಬಿಚ್ಚಿ, ಹತ್ತಿಯನ್ನು ಮತ್ತೆ ಕಿವಿಗೆ ತುರುಕುತ್ತ ಹೇಳಿದಳು, ಅಂಗಾರೆ ನಿದ್ದೆನೇ ಓಗಿರ್ಬೇಕು ಕಣವ್ವ, ನಂಗೇ ಗೊತ್ತಾಗ್ದಂಗೆ.

ಗೇಟಿನ ಸ್ಟಾಪಿನಲ್ಲಿ ಮೂವರೂ ಇಳಿದೆವು, ಅವರು ಊರಿನ ದಾರಿ, ನಾನು ಕಟ್ಟೆಯ ದಾರಿ, ಓಡಿದೆನೋ ನಡೆದೆನೋ, ಕಾಲುವೆ ಏರಿಯ ಮೇಲೆ ಎಮ್ಮೆಗಳು, ಅಡ್ಡ, ಹೋಗುವುದಿಲ್ಲ, ಚಂದ್ರಮೌಳಿ ಸರ್ ಫೋನು, ತಲುಪಿದ್ಯಾ, ಹೂಂ ಸರ್, ಇಟ್ಟುಬಿಟ್ಯಾ, ಇಡ್ತಾ ಇದೀನಿ ಸರ್, ಬೇಗ, ಅವರ ಜೀಪು ಗೊರೂರು ಬಿಟ್ಟಿದೆ. ನಂಜುಂಡೇಶ್ ರೂಮಿನ ಬಾಗಿಲಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ, ಬನ್ನಿ ಮೇಡಂ, ನಿಮ್ ದೀಪದ್ದೇ ಪುಣ್ಯ, ದೀಪ ಬಂದಿರ್ಲಿಲ್ಲ ಅಂದಿದ್ರೆ ನನ್ನ ಒ‌ಳಕ್ ಆಕಿರೋರು, ಆ ಮುದ್ಕಿ ಒಂದ್ ಗಳಿಗೆ ಕಣ್ ಮುಚ್ದೆ ಇದ್ದಿದ್ರೆ ಎಂದು ಸಿಪ್ಪೆ ಊದಿದ, ನಿಶ್ಚಿಂತೆಯಿಂದಿದ್ದಾನೆ, ಇಷ್ಟು ದಿನ ನಿದ್ದೆ ಮಾಡಿದ್ದಾನೆ, ನನ್ನ ಹಸಿರಿನ ಮೇಲೆ ತಲೆಯಿಟ್ಟು. ಮುಚ್ಚಳದ ಸ್ಕ್ರೂ ತೆಗೆದೆ, ಬಿಳಿ ಸಾಲು, ಎರಡನೆಯದು ಈಚೆ, ಮೂರನೆಯದು ಆಚೆ, ನಾನು ಇಟ್ಟ ಹಾಗೇ, ಧೂಳು ಕೂತಿದೆ, ಸ್ಕ್ರೂಡ್ರೈವರಿನ ತುದಿಯನ್ನು ಮೂರನೆಯದರ ಪಕ್ಕಕ್ಕೆ ತಂದೆ, ತಳ್ಳಿದರೆ ಒಂದು ಟಿಕ್, ಅದೂ ಕೇಳಿಸದಷ್ಟು, ತಳ್ಳು, ದಾಖಲೆ ಪರಿಶೀಲನೆ, ಅಪ್ಪನ ಸ್ವೀಟು, ತಳ್ಳು, ಸತ್ತವಳೇನು ಎದ್ದು ಬರುತ್ತಾಳೆಯೇ, ಮುದುಕಿ ಇನ್ನೆಷ್ಟು ವರ್ಷ, ಹೌದು, ಇಷ್ಟೂ ಯೋಚಿಸಿದೆ, ಇನ್ನೆಷ್ಟು ವರ್ಷ ಎಂದು ಲೆಕ್ಕ ಹಾಕಿದೆ. ಹೊರಗೆ ಜೀಪಿನ ಸದ್ದು. ಟೀ ಆರುತ್ತೆ ಅಂದ್ರಿ. ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟೆ, ಮೋಡೆಮ್ಮಿನ ಹಿಂದೆ ಕೈ ಹಾಕಿ ರೇಡಿಯೋಗೆ ಹೋಗುವ ವೈರನ್ನು ತಿರುಗಿಸಿ ಕಿತ್ತು ಕೈಯಲ್ಲಿ ಹಿಡಿದುಕೊಂಡೆ, ನಂಜುಂಡೇಶ್, ಇಲ್ಲಿ ಬನ್ನಿ, ಗುಂಡಿ ಒತ್ತಿ. ವೈರ್ ನಿಮ್ ಕೈಲೈತಲ್ಲ ಮೇಡಂ. ಒತ್ತಿ. ನಗುತ್ತಲೇ ಒತ್ತಿದ. ಹೆಸರುಕಾಳಿನಷ್ಟು, ಹಸಿರು. ಅವನು ದೀಪ ನೋಡಿದ, ನನ್ನ ಕೈಯ ವೈರು ನೋಡಿದ, ಮತ್ತೆ ಒತ್ತಿದ, ಹಸಿರು, ಕೆಳಗೆ ಹೊಳೆಯ ಕಡೆ ಕಿವಿಗೊಟ್ಟ, ಕಾಗೆಯೂ ಎದ್ದಿಲ್ಲ, ಬಾಯಲ್ಲಿದ್ದ ಕಡಲೆಕಾಯಿ ಜಗಿಯುವುದನ್ನು ಬಿಟ್ಟ, ಅಂಗಾರೆ ಅವತ್ತು ಎಂದ, ಗುಂಡಿಯ ಮೇಲಿನ ಬೆರಳನ್ನು ಸುಟ್ಟುಕೊಂಡವನ ಹಾಗೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ, ಒರೆಸುತ್ತಲೇ ಇದ್ದ.

ಬಾಗಿಲಲ್ಲಿ ನೆರಳು, ಶೂಗಳು, ಫೈಲು ಹಿಡಿದವರು, ಒಬ್ಬರು ಯಾರಮ್ಮ ನೀನು, ಮುಚ್ಚಳ ಯಾಕೆ ತೆಗೆದಿದ್ದೀಯ ಎಂದು ಕೇಳುತ್ತಿದ್ದಾರೆ, ಚಂದ್ರಮೌಳಿ ಸರ್ ಫೋನು ಮೇಜಿನ ಮೇಲೆ ಗುರ್ರೆಂದು ಸುತ್ತುತ್ತಿದೆ, ಅವರ ಹಿಂದೆ, ಊರ ದಾರಿಯಲ್ಲಿ ಜೀಪಿಗೆ ಹತ್ತಿಸಿಕೊಂಡು ಬಂದಿರಬೇಕು, ಮಗನ ತೋಳು ಹಿಡಿದು ಅವಳು, ಮೆಟ್ಟಿಲು ಹತ್ತಿ ಏದುಸಿರು, ನನ್ನ ಕೈಯಲ್ಲಿ ವೈರು ಇದೆ, ಹಸಿರು ಉರಿಯುತ್ತಿದೆ, ನಾನು ಫೈಲಿನವರನ್ನು ನೋಡಲಿಲ್ಲ, ಅವರಿಗೆ ಆಮೇಲೆ ಹೇಳಬೇಕು, ಬರೆದುಕೊಡಬೇಕು, ಎಲ್ಲವನ್ನೂ, ಎರಡನೆಯದು ಮೂರನೆಯದು, ಮೊದಲು ಹೇಳಬೇಕಾದದ್ದು ಅವರಿಗಲ್ಲ, ಕೂಗಿರಲಿಲ್ಲ ಅಜ್ಜಿ ಎಂದೆ, ಅವತ್ತು ಸೈರನ್ ಕೂಗಿರಲಿಲ್ಲ, ಬಸ್ಸಿನಲ್ಲಿ ಟೀ ಎಂದಷ್ಟೇ ಮೆಲ್ಲಗೆ ಬಂತು ದನಿ, ಜೋರಾಗಿ ಬರಲೇ ಇಲ್ಲ, ದೇವರಾಜನಿಗೆ ಕೇಳಿತು, ಅವನು ತೋಳು ಬಿಡಿಸಿಕೊಂಡ, ನಂಜುಂಡೇಶನಿಗೆ ಕೇಳಿತು, ಶೂಗಳವರಿಗೆ ಕೇಳಿತು, ಅವಳು ಎಡಗಿವಿಯ ಹತ್ತಿ ತೆಗೆದಳು, ನೆಲಕ್ಕೆ ಬಿತ್ತು, ಬಲಗೈ ಮೇಲೆ ಬಂತು, ಬೊಗಸೆಯಾಯಿತು, ಕಿವಿಯ ಹಿಂದೆ ನಿಂತಿತು, ನಾನು ಮತ್ತೆ ಹೇಳಿದೆ, ಕೂಗಿರಲಿಲ್ಲ, ನಿಮ್ಮ ಕಿವಿ ಸರಿಯಾಗಿಯೇ ಇತ್ತು, ಕಣ್ಣು ನನ್ನ ಮೇಲೇ ಇದೆ, ಕೇಳಿಸಿದೆ ಅವಳಿಗೆ, ಕೇಳಿಸಿರಲೇಬೇಕು, ಅಂಗೈಯ ಗೆರೆಗಳಲ್ಲಿ ಮಣ್ಣು, ಕಿವಿಯ ಹಿಂದೆ ಕೈ, ಇಳಿಯುತ್ತಿಲ್ಲ, ಆ ಕೈ ಇಳಿಯುತ್ತಿಲ್ಲ